ಅವ್ವ ತುಳಿಯದ ಉಪ್ಪು

ವಿಜಯಪುರದ ಬಿಸಿಲಿನಲ್ಲಿ ಬೆಂದು ಬೆಳೆದ ನನಗೆ, ಲಂಡನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಹೇಳುವುದರ ಜೊತೆಗೆ ಇನ್ನೊಂದು ಕೆಲಸವೂ ಗಂಟುಬಿದ್ದಿತ್ತು. ಚಳಿ ವಿಪರೀತವಾದಾಗ ನಮ್ಮ ವಿಭಾಗದವರಿಗೆಲ್ಲ ಎಚ್ಚರಿಕೆಯ ಇಮೇಲ್ ಬರೆಯಬೇಕು. ನಾನೋ, ಉಪದೇಶವೆಂದರೆ ಊಟ ಬಿಡುವವಳು. ಮಂಜುಗಡ್ಡೆ ಕರಗಲೆಂದು ಉಪ್ಪು ಹಾಕಿದ ದಾರಿಯಲ್ಲೇ ನಡೆಯಿರಿ, ಜೇಬಿನಿಂದ ಕೈ ಹೊರಗಿಡಿ, ಪೆಂಗ್ವಿನ್ ಥರ ಪುಟ್ಟ ಪುಟ್ಟ ಹೆಜ್ಜೆ ಇಡಿ ಎಂದು ಬರೆದು, ಒಂದು ಪೆಂಗ್ವಿನ್ ಚಿತ್ರವನ್ನೂ ಅಂಟಿಸುತ್ತಿದ್ದೆ.

ಆ ಜನವರಿಯಲ್ಲಿ ಅವ್ವ ಬಂದಿದ್ದಳು. ಮೊಣಕಾಲಿನ ಆಪರೇಷನ್ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. "ಏನು ಬೇಕಾದರೂ ಮಾಡಲಿ, ಬೀಳಬಾರದು" ಎಂದು ಡಾಕ್ಟರು ನನಗೆ ಫೋನಿನಲ್ಲಿ ಹೇಳಿದ್ದರು. ಹಾಗಾಗಿ ಅವಳನ್ನು ಎಜ್‌ವೇರ್‌ನ ನಮ್ಮ ಫ್ಲಾಟಿನಿಂದ ಆಚೆ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಮನೆ ಬೆಚ್ಚಗಿಡುವ ಬಾಯ್ಲರ್ ಕೈಕೊಟ್ಟಿತು. ಮನೆಯೊಳಗೇ ಉಸಿರು ಹೊಗೆಯಾಗಿ ಕಾಣತೊಡಗಿದಾಗ, ಬೆಚ್ಚಗಿರುವ ನನ್ನ ಆಫೀಸಿಗೆ ಅವಳನ್ನೂ ಕರೆದುಕೊಂಡು ಹೊರಟೆ. ಸೀರೆಯ ಕೆಳಗೆ ಥರ್ಮಲ್ ಪ್ಯಾಂಟು, ಮೇಲೆ ನನ್ನ ಎರಡು ಸ್ವೆಟರು, ಅದರ ಮೇಲೆ ಕೋಟು. ಟ್ಯೂಬ್ ರೈಲಿನಲ್ಲಿ ಅವಳೊಬ್ಬಳೇ ಒಂದೂವರೆ ಸೀಟು ತುಂಬಿ ಕೂತಿದ್ದಳು.

ಕ್ಯಾಂಪಸ್ಸಿನ ಗೇಟು ದಾಟಿದ್ದೇ ಅವ್ವ ನಿಂತುಬಿಟ್ಟಳು. ದಾರಿಯುದ್ದಕ್ಕೂ ಕಂದು ಬಣ್ಣದ ಹರಳುಗಳು ಚೆಲ್ಲಿದ್ದವು.

"ಏನಿದು?"

"ಉಪ್ಪು. ಇದರ ಮ್ಯಾಲೆ ನಡದ್ರ ಜಾರೂದಿಲ್ಲ."

ಮರಳು ಅಂದಿದ್ದರೆ ಮುಗಿದುಹೋಗುತ್ತಿತ್ತು. ನನಗೆ ಹೊಳೆಯಲಿಲ್ಲ.

"ಉಪ್ಪು ತುಳೀತಾರೇನ? ಲಕ್ಷ್ಮಿ ಅದು!" ಎಂದವಳೇ ಉಪ್ಪು ಬೀಳದ ಅಂಚಿನ ಕಲ್ಲುಹಾಸಿಗೆ ಸರಿದಳು. ಅಲ್ಲಿ ಗಾಜು ಹಾಸಿದಂತೆ ಮಂಜುಗಡ್ಡೆ.

"ಅವ್ವಾ, ಇದು ತಿನ್ನೂ ಉಪ್ಪಲ್ಲ. ಹೊಲಸು ಐತಿ."

"ಲಕ್ಷ್ಮಿಗಿ ಹೊಲಸು ಅಂತೀ?"

"ಬೂಟು ಹಾಕ್ಕೊಂಡೀಯಲ್ಲ, ಕಾಲು ತಾಗೂದಿಲ್ಲ."

"ಬೂಟುಗಾಲಿಲೆ ತುಳಿಯೂದು ಇನ್ನಾ ಛಲೋ ಆತೇನ?"

ಕೈ ಹಿಡಿಯಲು ಹೋದರೆ ಕೊಡವಿಕೊಂಡಳು. ಗೋಡೆ ಇಲ್ಲ, ಕಂಬಿ ಇಲ್ಲ, ಒಂದೊಂದೇ ಹೆಜ್ಜೆ ಇಡುತ್ತಿದ್ದಾಳೆ. ಒಮ್ಮೆ ಜಾರಿದರೆ ಆ ಮೊಣಕಾಲಿನ ಕಥೆ ಅಲ್ಲಿಗೆ ಮುಗಿಯಿತು. ಸಿಟ್ಟು, ಹೆದರಿಕೆ ಎರಡೂ ಒಟ್ಟಿಗೇ ಬಂದು ನಾನು ಅರಚಿದೆ: "ಹಟಾ ಬಿಡೂದಿಲ್ಲ ಅಂದ್ರ ನಡಿಯೂದಾರ ಸರಿಯಾಗಿ ಕಲಿ! ಇಲ್ಲಿ ನೋಡು!"

ಅವಳಿಗೆ ಚೆನ್ನಾಗಿ ಕಾಣಲೆಂದು ದಾರಿಯ ಇನ್ನೊಂದು ಅಂಚಿನ ಮಂಜುಗಡ್ಡೆಯ ಮೇಲೆ ನಿಂತು, ತೋಳು ಚಾಚಿ, ಪಾದ ಅಗಲಿಸಿ, ಪೆಂಗ್ವಿನ್ ನಡಿಗೆ ತೋರಿಸತೊಡಗಿದೆ. ಕಾಫಿ ಹಿಡಿದು ಹೋಗುತ್ತಿದ್ದ ನನ್ನ ವಿದ್ಯಾರ್ಥಿಗಳಿಬ್ಬರು ಮರ್ಯಾದೆಯಿಂದ ಬೇರೆ ಕಡೆ ನೋಡಿದರು.

"ಇಷ್ಟೆಲ್ಲಾ ಓದಿ ಬಾತುಕೋಳಿ ಆದೇನ ಯವ್ವಾ?" ಎಂದು ಅವ್ವ ನಕ್ಕಳು.

ತಿರುಗಿ ಅವಳನ್ನು ದುರುಗುಟ್ಟಿ ನೋಡುವಷ್ಟರಲ್ಲಿ ನನ್ನ ಎರಡೂ ಕಾಲು ಮೇಲಕ್ಕೆ ಹಾರಿದವು. ಅಂಗಾತ ಬಿದ್ದೆ.

ಉಸಿರು ಕಟ್ಟಿ ಆಕಾಶ ನೋಡುತ್ತಿದ್ದಾಗ ಕರಕರ ಸದ್ದು ಕೇಳಿಸಿತು. ಅವ್ವ ಉಪ್ಪಿನ ಮೇಲೆ ಓಡಿ ಬರುತ್ತಿದ್ದಳು. ಆಪರೇಷನ್ ಆದ ಮೇಲೆ ಅವಳು ಓಡಿದ್ದನ್ನು ನಾನು ನೋಡಿಯೇ ಇರಲಿಲ್ಲ.

"ಎಲ್ಲಿ ಪೆಟ್ಟಾತು? ತಲಿಗೇನಾರ ಆತೇನ?" ಎಂದು ನನ್ನ ತಲೆಯನ್ನೆಲ್ಲ ತಡವಿದಳು. ಸೊಂಟ ಕಳಚಿದಂತೆ ನೋಯುತ್ತಿದ್ದರೂ ನನ್ನ ಕಣ್ಣು ಅವಳ ಪಾದದ ಮೇಲೆಯೇ ಇತ್ತು.

"ಅವ್ವಾ, ಉಪ್ಪಿನ ಮ್ಯಾಲೆ ನಿಂತೀ."

ಅವಳು ಕೆಳಗೆ ನೋಡಿಕೊಂಡಳು. ಮುಖ ಸಣ್ಣದಾಯಿತು. ಗ್ಲೌಸು ಕಳಚಿ, ನೋವಿನ ಕಾಲನ್ನು ಚಾಚಿಕೊಂಡೇ ಬಗ್ಗಿ, ಆ ಕಂದು ಹರಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ತಪ್ಪಾತು ತಾಯಿ, ಮಗಳು ಬಿದ್ದಾಳ" ಎಂದಳು. ನನಗೆ ಅಳು ಬಂತು. ಪೆಟ್ಟಿನಿಂದ ಅಲ್ಲ.

"ಏಳು, ಲಕ್ಷ್ಮಿಗಿ ನಾ ಹೇಳೀನಿ" ಎಂದು ಅವ್ವ ನನ್ನ ಕೈ ಹಿಡಿದು ಎಳೆದಳು. "ಇನ್ನ ಉಪ್ಪಿನ ಮ್ಯಾಲೇ ನಡಿ."