ಪಟದ ಹುಡುಗಿ ಮೆಟ್ಟಿಲು ಹತ್ತಿ ಬಂದಳು

ಎಲ್ಲರೂ ಫೋನಕ್ಕ ಎಂದು ಕರೆಯುತ್ತಿದ್ದ ಆಕೆ ಮೊದಲು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ವೇಳೆ ಹೇಳುತ್ತಿದ್ದಳು. ಆ ಕುರ್ಚಿಗೆ ಯಂತ್ರ ಬಂತು. ಆಗ, ಮಕ್ಕಳಿಗೆ ಕೃತಕ ಕಾಲು ಮಾಡಿಕೊಡುವ ಸಂಸ್ಥೆಯೊಂದು ದಾನಿಗಳಿಗೆ ಫೋನ್ ಮಾಡಲು ಅವಳನ್ನು ಸೇರಿಸಿಕೊಂಡಿತು.

"ನಿನ್ನ ಬಾಯಿಗೂ ಸಂಬಳ ಕೊಡೋರಿದ್ದಾರಲ್ಲ! ಮಾತೆಲ್ಲಾ ಅಲ್ಲೇ ಖರ್ಚು ಮಾಡ್ಕೊಂಡು ಬಾ" ಎಂದು ಗಂಡ ನಕ್ಕ.

ಕೆಳಗೆ ಕಾರ್ಯಾಗಾರ, ಮೇಲೆ ಕಚೇರಿ. ಕಾಲುಗಳನ್ನು ಉಜ್ಜಿ ನಯಗೊಳಿಸುವ ಸದ್ದು ಫೋನಿನೊಳಗೂ ನುಗ್ಗುತ್ತಿತ್ತು. "ನೂರಾರು ಮಕ್ಕಳು ಕಾಯ್ತಿದ್ದಾರೆ ಸಾರ್" ಎಂದು ಅವಳು ಶುರುಮಾಡುವಳು. "ನೋಡೋಣಮ್ಮ" ಎಂದು ಆ ಕಡೆಯವರು ಫೋನ್ ಇಟ್ಟುಬಿಡುವರು.

ಮನುಷ್ಯರು ಹೇಗೆ ತೀರ್ಮಾನ ಮಾಡುತ್ತಾರೆ ಎಂಬುದನ್ನೇ ಓದಿಕೊಂಡಿದ್ದ ಸಲಹೆಗಾರ್ತಿಯೊಬ್ಬಳನ್ನು ಸಂಸ್ಥೆಯ ಕಾರ್ಯದರ್ಶಿ ಕರೆಸಿದ. ಆಕೆ ಒಂದು ವಾರ ಪಕ್ಕದಲ್ಲಿ ಕೂತು ಕೇಳಿಸಿಕೊಂಡಳು.

"ನೂರು ಅಂದ್ರೆ ಯಾರ ಮುಖವೂ ಕಣ್ಣಿಗೆ ಬರಲ್ಲ. ಒಂದು ಮಗು ಬಗ್ಗೆ ಹೇಳಿ. ಕೊಡ್ತೀರಾ ಅಂತ ಕೇಳ್ಬೇಡಿ, ಹೋದ ಸಲದ ಹಾಗೇ ಬರ್ಕೊಳ್ಳಲಾ ಅನ್ನಿ."

ಮಾತು ನಿಜವಾಯಿತು. ಊರುಗೋಲು ಹಿಡಿದು ಕ್ಯಾಮೆರಾವನ್ನೇ ದಿಟ್ಟಿಸುವ ಒಬ್ಬ ಪುಟ್ಟ ಹುಡುಗಿಯ ಪಟ ಅಚ್ಚಾಯಿತು. ಬಸ್ಸುಗಳ ಬೆನ್ನಿಗೆ, ಔಷಧಿ ಅಂಗಡಿಗಳ ಗಾಜಿಗೆ ಅಂಟಿತು. "ಆ ಮಗುಗೇ ಅಲ್ವಾ?" ಎಂದು ಕೇಳಿ ಜನ ಕೊಟ್ಟರು. ಕಾರ್ಯಾಗಾರಕ್ಕೆ ಇನ್ನಿಬ್ಬರು ಕೆಲಸಗಾರರು ಬಂದರು. ಹುಡುಗಿಗೆ ಅದೇ ವರ್ಷ ಕಾಲೂ ಸಿಕ್ಕಿತು. ಪಟ ಮಾತ್ರ ಬದಲಾಗಲಿಲ್ಲ.

ವರ್ಷಗಳು ಕಳೆದು ಒಂದು ಮಧ್ಯಾಹ್ನ, ಬಟ್ಟೆ ಅಂಗಡಿಯ ಸಮವಸ್ತ್ರ ತೊಟ್ಟ ಯುವತಿಯೊಬ್ಬಳು ಮೆಟ್ಟಿಲು ಹತ್ತಿ ಬಂದಳು. ಆ ದಿಟ್ಟ ನೋಟದಿಂದಲೇ ಫೋನಕ್ಕನಿಗೆ ಗುರುತು ಹತ್ತಿತು.

"ಅಕ್ಕಾ, ಇನ್ನೂ ಎಷ್ಟು ವರ್ಷ ನನ್ನನ್ನ ಕುಂಟಿಸ್ತೀರಿ? ನಿನ್ನೆ ಗಿರಾಕಿಯೊಬ್ರು ಪಟದ ಗುರುತು ಹಿಡಿದು ಚಿಲ್ಲರೆ ವಾಪಸ್ ತಗೊಳ್ಳಲಿಲ್ಲ. ನೀನೇ ಇಟ್ಕೋಮ್ಮ, ಪಾಪ, ಅಂದ್ರು. ಎಲ್ಲರೂ ನೋಡ್ತಾ ಇದ್ರು."

"ಪಟ ಹಾಕೋ ಮುಂಚೆ ಕೇಳಿರಲಿಲ್ವಾ?"

"ಅಪ್ಪನ್ನ ಕೇಳಿದ್ರು. ನನ್ನನ್ನಲ್ಲ."

ಕಾರ್ಯದರ್ಶಿ ಈ ವರ್ಷದ ಅಭಿಯಾನ ಮುಗಿಯಲಿ ಎಂದ. ಅವನ ಎದುರಿನಲ್ಲೇ ಫೋನಕ್ಕ ಸಲಹೆಗಾರ್ತಿಗೆ ಫೋನ್ ಮಾಡಿದಳು. "ಪಟ ತೆಗೆದ್ರೆ ದಾನ ಇಳಿಯುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದ್ರೂ ತೆಗೀಬೇಕು. ಪ್ರತಿ ವರ್ಷ ಆ ಮಗುವನ್ನೇ ಕೇಳಿ ಅಂತ ನಾನು ಅವತ್ತೇ ಹೇಳಬೇಕಿತ್ತು" ಎಂದಳಾಕೆ. ಕಾರ್ಯದರ್ಶಿ ಜಗ್ಗಲಿಲ್ಲ.

ಮರುದಿನದಿಂದ ಆ ಮಗುವಿನ ಬಗ್ಗೆ ಕೇಳಿದವರಿಗೆಲ್ಲ ಫೋನಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳತೊಡಗಿದಳು: "ಅವಳಿಗೆ ಕಾಲು ಬಂದು ಬಹಳ ವರ್ಷ ಆಯ್ತು ಸಾರ್. ಈಗ ಕೆಲಸಕ್ಕೆ ಹೋಗ್ತಾಳೆ. ಕಾಯ್ತಿರೋ ಮಕ್ಕಳು ಬೇರೆ."

ಮೊದಲಿನಿಂದ ಕೊಡುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು: "ಹಾಗಾದ್ರೆ ಇಷ್ಟು ವರ್ಷ ನಾನು ಯಾರಿಗಮ್ಮ ಕೊಟ್ಟಿದ್ದು?"

"ಬೇರೆ ಮಕ್ಕಳಿಗೆ."

"ಅದನ್ನ ಆಗಲೇ ಹೇಳಬಾರದಿತ್ತಾ?" ಎಂದು ಫೋನ್ ಇಟ್ಟರು. ಮತ್ತೆ ಎತ್ತಲಿಲ್ಲ.

ಕಾರ್ಯದರ್ಶಿ ಕೂಗಾಡಿದ. ಆದರೆ ದಾನಿಗಳೇ ಪ್ರಶ್ನೆ ಕೇಳಲು ಶುರುಮಾಡಿದ ಮೇಲೆ ಬೇರೆ ದಾರಿ ಉಳಿಯಲಿಲ್ಲ, ಪಟಗಳು ಇಳಿದವು. ಆ ವರ್ಷ ದಾನ ಕುಸಿಯಿತು. ಪಟದ ದಾನದಿಂದ ಕಾರ್ಯಾಗಾರಕ್ಕೆ ಬಂದಿದ್ದ ಇಬ್ಬರಲ್ಲಿ ಒಬ್ಬನನ್ನು ಕೆಲಸದಿಂದ ಬಿಡಿಸಬೇಕಾಯಿತು. ಅವನು ಹೋಗುವಾಗ ಫೋನಕ್ಕನ ಮುಖ ನೋಡಲಿಲ್ಲ. ಅವಳು ಎರಡು ದಿನ ಊಟ ಬಿಟ್ಟಳು. ಮಾಡಿದ್ದು ತಪ್ಪು ಎಂದು ಮಾತ್ರ ಅವಳಿಗೆ ಅನಿಸಲಿಲ್ಲ.

ಈಗಲೂ ಅವಳು ಒಂದೇ ಮಗುವಿನ ಕಥೆ ಹೇಳುತ್ತಾಳೆ. ಆದರೆ ಒಪ್ಪಿದ ಮಗುವಿನದು, ಒಂದು ವರ್ಷದ ಮಟ್ಟಿಗೆ. ದಾನ ಹಿಂದಿನ ಮಟ್ಟಕ್ಕೆ ಬಂದಿಲ್ಲ. ಬಟ್ಟೆ ಅಂಗಡಿಯ ಹುಡುಗಿ ಕಾಲಿನ ಅಳತೆ ಸರಿಮಾಡಿಸಲು ಆಗಾಗ ಬರುತ್ತಾಳೆ, ಕೆಳಗಿನ ಕೆಲಸ ಮುಗಿಸಿ ಹೊರಟುಬಿಡುತ್ತಾಳೆ. ಒಮ್ಮೊಮ್ಮೆ ಮಾತ್ರ ಮೇಲೆ ಹತ್ತಿ, ಫೋನಕ್ಕ ಯಾರೊಂದಿಗೋ ಮಾತಾಡುತ್ತಿರುವಾಗ ಎದುರಿನ ಬೆಂಚಿನ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಾಳೆ.