ತಾರಸಿಯ ಮೇಲಿನ ಕೂಗು

ದೆವ್ವ, ಭೂತ, ಅಶರೀರವಾಣಿ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುವ ಪೈಕಿ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ ಎಂದು ಮುಖಕ್ಕೆ ಹೊಡೆದಂತೆ ಹೇಳಿ ಎಷ್ಟೋ ಜನರ ಮನಸ್ಸು ನೋಯಿಸಿದ್ದೇನೆ. ಈಗ ನಂಬುತ್ತೇನೆ ಅಂತಲೂ ಅಲ್ಲ. ಆದರೆ ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ನಡೆದದ್ದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಬರೆಯುತ್ತಿದ್ದೇನೆ.

ನನ್ನದು ಹೆಗ್ಗನಹಳ್ಳಿಯಲ್ಲಿ ಚಿಕ್ಕ ವೆಲ್ಡಿಂಗ್ ಅಂಗಡಿ. ತಾರಸಿಯ ಮೇಲೆ ಕಬ್ಬಿಣದ ಪೈಪ್ ನಿಲ್ಲಿಸಿ ಶೀಟ್ ಹೊದಿಸುವುದು ಮುಖ್ಯ ಕೆಲಸ. ಜೊತೆಗೆ ತಂಗಿ ಗೀತಾಳ ಗಂಡ ಮಹೇಶ ಇರುತ್ತಾನೆ. ಆ ವರ್ಷ ಏಪ್ರಿಲ್‌ನಲ್ಲಿ ಉಡುಪಿ ಕಡೆ, ಸಮುದ್ರದ ಹತ್ತಿರದ ಒಂದು ಮನೆಗೆ ಶೀಟ್ ಹಾಕುವ ಕೆಲಸ ಸಿಕ್ಕಿತು. ಗೀತಾಗೆ ಆಗ ಏಳು ತಿಂಗಳು. ಅವಳನ್ನು ಬಿಟ್ಟು ಬರಲು ಮಹೇಶನಿಗೆ ಮನಸ್ಸಿರಲಿಲ್ಲ. ‘ನಾನಿದೀನಲ್ಲ ಕಣೇ, ಹುಷಾರಾಗಿ ಕರ್ಕೊಂಡ್ ಬರ್ತೀನಿ’ ಎಂದು ತಂಗಿಗೆ ಮಾತು ಕೊಟ್ಟು ಹೊರಡಿಸಿದವನು ನಾನೇ.

ಅಲ್ಲಿಯ ಸೆಕೆ ನಮಗೆ ಗೊತ್ತಿದ್ದ ಬಿಸಿಲಲ್ಲ. ನಮ್ಮ ಕಡೆ ಬಿಸಿಲು ನೆತ್ತಿ ಸುಡುತ್ತದೆ, ನೆರಳಿಗೆ ಬಂದರೆ ಮುಗಿಯಿತು. ಅಲ್ಲಿ ನೆರಳಲ್ಲೂ ಬೆವರು ಸುರಿಯುತ್ತಿತ್ತು. ಬೆಳಗ್ಗೆ ಹಾಕಿದ ಅಂಗಿಯನ್ನು ಹತ್ತು ಗಂಟೆಗೆ ಹಿಂಡಬಹುದಾಗಿತ್ತು. ಪೈಪ್ ಮುಟ್ಟಬೇಕಾದರೆ ಕೈಗೆ ಬಟ್ಟೆ ಸುತ್ತಿಕೊಳ್ಳಬೇಕು. ಮೂರು ದಿನಕ್ಕೇ ಸಾಕಪ್ಪಾ ಸಾಕು ಅನ್ನಿಸಿ, ನಾಲ್ಕನೆಯ ದಿನ ಊಟವನ್ನೂ ಮುಂದಕ್ಕೆ ಹಾಕಿ ಕೆಲಸ ಮುಗಿಸಲು ಕೂತೆವು.

ಎರಡು ಗಂಟೆಯ ಹೊತ್ತಿಗೆ ಎಲ್ಲೋ ದೂರದಲ್ಲಿ ಗುಡುಗಿತು. ಮನೆಯ ಯಜಮಾನಿ, ಅರವತ್ತು ದಾಟಿದವರು, ಕೆಳಗೆ ಟಿವಿ, ಫ್ರಿಡ್ಜ್‌ನ ಪ್ಲಗ್‌ಗಳನ್ನೆಲ್ಲ ಕಿತ್ತು, ಅಂಗಳಕ್ಕೆ ಬಂದು, ‘ಇಳಿದು ಬನ್ನಿ ಮಾರಾಯ್ರೆ, ಸಿಡಿಲು ಉಂಟು’ ಎಂದರು. ನಾವು ಸಮುದ್ರದ ಕಡೆ ನೋಡಿದೆವು. ಮಳೆ ಅಂದರೆ ಅತ್ತ ಕಡೆಯಿಂದಲೇ ಬರಬೇಕು ಎಂಬುದು ನಮ್ಮ ಬುದ್ಧಿವಂತಿಕೆ. ಅಲ್ಲಿ ಒಂದು ಚೂರು ಮೋಡವಿಲ್ಲ, ಬಿಸಿಲು ಕಣ್ಣು ಕುಕ್ಕುತ್ತಿತ್ತು. ‘ಇನ್ನೊಂದೇ ಶೀಟ್ ಅಮ್ಮ’ ಎಂದು ನಾನು ನಕ್ಕೆ. ಬೇಸಿಗೆಯ ಗುಡುಗು ಅಲ್ಲಿ ಘಟ್ಟದ ಕಡೆಯಿಂದ ಬರುತ್ತದಂತೆ. ನಮ್ಮ ಬೆನ್ನ ಹಿಂದೆ ಆಕಾಶ ಮಸಿಯಾಗಿದ್ದನ್ನು ನಾವಿಬ್ಬರೂ ನೋಡಲೇ ಇಲ್ಲ.

ನಾನು ಮೆಟ್ಟಿಲ ಹತ್ತಿರ ಡ್ರಿಲ್ ಹಿಡಿದಿದ್ದೆ. ಮಹೇಶ ಆಚೆ ಮೂಲೆಯಲ್ಲಿ ಪೈಪ್ ಮೇಲೆ ಕೂತಿದ್ದ. ಇದ್ದಕ್ಕಿದ್ದಂತೆ ನನ್ನ ತೋಳಿನ ರೋಮವೆಲ್ಲ ಎದ್ದು ನಿಂತಿತು. ಪಕ್ಕದ ಪೈಪ್‌ನಿಂದ ಗುಂಯ್ ಎಂದು ಸಣ್ಣ ಸದ್ದು ಬರತೊಡಗಿತು. ಅದೇನೆಂದು ಗೊತ್ತಾಗಲಿಲ್ಲ, ಸಾವು ಎಂದು ಮಾತ್ರ ಗೊತ್ತಾಯಿತು. ಡ್ರಿಲ್ ಬಿಸಾಕಿ ಓಡಿದೆ. ಮಹೇಶನ ನೆನಪೇ ಬರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ.

ಮೆಟ್ಟಿಲ ತಿರುವಿನಲ್ಲಿ ಕಿವಿ ಮುಚ್ಚಿಕೊಂಡು ಕುಕ್ಕರಿಸಿದೆ. ಮರುಕ್ಷಣ ಮಹೇಶ ನನ್ನ ಬೆನ್ನ ಮೇಲೆ ಬಂದು ಬಿದ್ದ. ಅವನು ಬೀಳುವುದಕ್ಕೂ ಮೇಲೆ ಸಿಡಿಲು ಬಡಿಯುವುದಕ್ಕೂ ಸರಿಹೋಯಿತು. ಸ್ವಲ್ಪ ಹೊತ್ತು ಇಬ್ಬರಿಗೂ ಏನೂ ಕೇಳಿಸಲಿಲ್ಲ. ಆಮೇಲೆ ಹತ್ತಿ ನೋಡಿದಾಗ ಅವನು ಕೂತಿದ್ದ ಮೂಲೆಯಲ್ಲಿ ಶೀಟ್ ಕಪ್ಪಾಗಿ ತೂತು ಬಿದ್ದಿತ್ತು.

ಮಹೇಶ ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟ. ‘ಭಾವ, ನೀವು ಕೂಗ್ದೇ ಇದ್ದಿದ್ರೆ ಹೋಗ್ಬಿಡ್ತಿದ್ದೆ. ಮಹೇಶಾ, ಬಿಟ್ಟು ಬಾರೋ ಅಂತ ಕೂಗಿದ್ರಲ್ಲ, ಅದಕ್ಕೇ ಎದ್ದೆ’ ಎಂದ. ಭಯಕ್ಕೆ ಅವನಿಗೆ ಹಾಗೆ ಅನ್ನಿಸಿರಬೇಕು ಎಂದುಕೊಂಡೆ. ಆದರೆ ಕೆಳಗೆ ಬಂದಾಗ ಯಜಮಾನಿ ನೀರು ಕೊಡುತ್ತಾ ಹೇಳಿದರು: ‘ಎರಡು ಸಲ ಕರೆದಿರಲ್ಲ ನೀವು, ಅಂಗಳಕ್ಕೆ ಕೇಳಿತು. ಪುಣ್ಯ ಬಂತು ನಿಮಗೆ.’

ನಾನು ಕರೆಯಲಿಲ್ಲ. ಗಾಬರಿಯಲ್ಲಿ ಕರೆದು ಮರೆತೆ ಎನ್ನೋಣವೆಂದರೆ ಅದಕ್ಕೂ ದಾರಿಯಿಲ್ಲ. ನಮ್ಮ ಕೆಲಸದಲ್ಲಿ ಸ್ಕ್ರೂಗಳನ್ನು ಹಲ್ಲಿನ ನಡುವೆ ಕಚ್ಚಿಕೊಂಡಿರುತ್ತೇವೆ, ಒಂದೊಂದೇ ತೆಗೆದು ಬಿಗಿಯಲು. ಮಹೇಶ ನನ್ನ ಮೇಲೆ ಬಿದ್ದಾಗ ನಾಲ್ಕು ಸ್ಕ್ರೂ ಇನ್ನೂ ನನ್ನ ಬಾಯಲ್ಲೇ ಇದ್ದವು. ಆಮೇಲೆ ಅಂಗೈಗೆ ಉಗಿದುಕೊಂಡು ಎಣಿಸಿದ್ದೇನೆ. ಅವನ್ನು ಕಚ್ಚಿಕೊಂಡು ‘ಮಹೇಶಾ’ ಎಂದು ಅಂಗಳಕ್ಕೆ ಕೇಳುವಂತೆ ಕೂಗಲು ಯಾರಿಂದಲೂ ಆಗದು. ಎಷ್ಟೋ ಸಲ ಅಂಗಡಿಯಲ್ಲಿ ಒಬ್ಬನೇ ಇದ್ದಾಗ ಪ್ರಯತ್ನಿಸಿ ನೋಡಿದ್ದೇನೆ.

ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ಗೀತಾಗೆ ಹೆಣ್ಣು ಮಗುವಾಯಿತು. ನಾಮಕರಣದ ದಿನ ಅವಳು ಎಲ್ಲರೆದುರು ನನ್ನ ಕಾಲಿಗೆ ಬಿದ್ದು, ‘ನಮ್ಮಣ್ಣ ಮಾತು ಉಳಿಸ್ಕೊಂಡ’ ಎಂದಳು. ಅಲ್ಲಿಂದ ಮುಂದೆ ಪ್ರತಿ ಹಬ್ಬಕ್ಕೂ ಯಾರಾದರೂ ಈ ಕತೆ ತೆಗೆಯುತ್ತಿದ್ದರು, ನಾನು ತಲೆ ತಗ್ಗಿಸುತ್ತಿದ್ದೆ. ಅದನ್ನೂ ದೊಡ್ಡತನವೆಂದೇ ತಿಳಿದರು.

ಈ ಬೇಸಿಗೆಯಲ್ಲಿ ಒಂದು ಸಂಜೆ ಗೀತಾಳ ಮನೆಯಲ್ಲಿದ್ದೆ. ಮಹೇಶ ಇನ್ನೂ ಬಂದಿರಲಿಲ್ಲ. ತಡೆಯಲಾರದೆ ಹೇಳಿಬಿಟ್ಟೆ: ‘ನಾನು ಕೂಗ್ಲಿಲ್ಲ ಕಣೇ. ಅವನನ್ನ ಅಲ್ಲೇ ಬಿಟ್ಟು ಓಡಿ ಬಂದೆ.’ ಸ್ಕ್ರೂಗಳ ವಿಷಯವನ್ನೂ ಹೇಳಿದೆ. ಅವಳು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ಕೂತಳು. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಕೊನೆಗೆ, ‘ಅವ್ರಿಗೆ ಹೇಳ್ಬೇಡ ಅಣ್ಣ’ ಎಂದಳು. ‘ನೀನು ಜೊತೇಲಿದೀಯ ಅನ್ನೋ ಧೈರ್ಯದ ಮೇಲೇ ದಿನಾ ಅಷ್ಟೆತ್ತರ ಹತ್ತೋದು ಅವ್ರು.’

ಹೇಳಿಲ್ಲ. ಮಾರನೆಯ ದಿನವೂ ಇಬ್ಬರೂ ಕೆಲಸಕ್ಕೆ ಹೋದೆವು. ಅವನು ಮೇಲೆ ಹತ್ತಿದ, ನಾನು ಕೆಳಗೆ ಏಣಿ ಹಿಡಿದು ನಿಂತೆ. ಆ ಸಿಡಿಲಿನ ದಿನ ಅವನನ್ನು ಯಾರು ಕರೆದರೋ ನನಗೆ ಗೊತ್ತಿಲ್ಲ. ಯಾರು ಕರೆಯಲಿಲ್ಲ ಎಂಬುದು ಮಾತ್ರ ಗೊತ್ತು.