ಗೌಡರ ಅಂಗಳದ ಎರಡು ಚುಕ್ಕಿ

ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ನಾನು ಸೇಡಂನಲ್ಲಿ ಹೈಸ್ಕೂಲು ಹುಡುಗರಿಗೆ ಗಣಿತ ಕಲಿಸುತ್ತಿದ್ದೆ. ಕಂಪ್ಯೂಟರ್ ಮುಟ್ಟಲು ಹೆದರುವುದಿಲ್ಲ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಚಿಂಚೋಳಿಗೆ ನಿಯೋಜಿಸಿ, ಯಾವ ಊರು, ಯಾವ ಕೇರಿ, ಯಾವ ತಾಂಡಾದಿಂದ ಶಾಲೆ ಎಷ್ಟು ದೂರವಿದೆ ಎಂದು ನಕ್ಷೆ ಮಾಡುವ ಕೆಲಸ ಒಪ್ಪಿಸಿದರು. ಒಂದು ಕಿಲೋಮೀಟರಿನೊಳಗೆ ಶಾಲೆ ಇಲ್ಲದಿದ್ದರೆ ಅಲ್ಲಿಗೆ ಹೊಸ ಶಾಲೆ ಕೊಡಬೇಕು ಎಂಬುದು ನಿಯಮ.

ಅದಕ್ಕೆಂದು ಬಂದದ್ದು ಕಡ್ಡಿಯಿಂದ ಮುಟ್ಟಿ ಬರೆಯುವ, ಸ್ಲೇಟಿನಂಥ ಟ್ಯಾಬ್ಲೆಟ್ ಕಂಪ್ಯೂಟರು. ಆದರೆ ತಾನು ಎಲ್ಲಿದ್ದೇನೆಂದು ಅದಕ್ಕೇ ಗೊತ್ತಿರಲಿಲ್ಲ. ಗುಲ್ಬರ್ಗಾದ ಅಂಗಡಿಯೊಂದರಲ್ಲಿ ಎರಡು ದಿನ ಠಿಕಾಣಿ ಹೂಡಿ, ಸುಣ್ಣದ ಡಬ್ಬಿಯಷ್ಟು ದೊಡ್ಡ ಜಿಪಿಎಸ್ ಒಂದನ್ನು ವೈರಿನಿಂದ ಜೋಡಿಸಿಕೊಂಡು ಬಂದೆ. ಡಬ್ಬಿಯನ್ನು ಬಯಲಲ್ಲಿ ಇಟ್ಟರೆ ಉಪಗ್ರಹಗಳನ್ನು ಹುಡುಕಿ, ನಾವು ನಿಂತ ಜಾಗದಲ್ಲಿ ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕಿ ಇಡುತ್ತಿತ್ತು.

ನನಗೋ ಹಿಗ್ಗು. ಇಪ್ಪತ್ತು ವರ್ಷ ಓಡಾಡಿದ ದಾರಿಯಲ್ಲಿ, ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗುವಾಗಲೂ ಅದನ್ನು ಎದೆಗೆ ಹಿಡಿದು ನೋಡುತ್ತಿದ್ದೆ. "ಅಲ್ಪಗ ಐಶ್ವರ್ಯ ಬಂದ್ರ ಅರ್ಧರಾತ್ರ್ಯಾಗ ಕೊಡಿ ಹಿಡದನಂತ. ಮುಂದ ನೋಡ್ಕೋತ ನಡೀರಿ, ಎಮ್ಮಿ ಹಾಯ್ತದ," ಎಂದು ಹೆಂಡತಿ ಹಂಗಿಸಿದಳು. ಶಾಲೆಯ ಸಹೋದ್ಯೋಗಿಗಳಿಗೆ ನಾನು ಭಾಷಣ ಬಿಗಿಯುತ್ತಿದ್ದೆ: ಇದಕ್ಕೆ ಜಾತಿಯಿಲ್ಲ, ಪಕ್ಷವಿಲ್ಲ, ಮೇಲಿನಿಂದ ನೋಡಿ ಇದ್ದದ್ದನ್ನು ಇದ್ದಂತೆ ಬರೆಯುತ್ತದೆ.

ಚಿಮ್ಮನಚೋಡದ ಆಚೆಗಿನ ಒಂದು ಹಳ್ಳಿಗೆ ಹೋದಾಗ ಬಿಸಿಲು ನೆತ್ತಿಗೇರಿತ್ತು. ನಮ್ಮ ಕಡೆ ಸರ್ಕಾರಿ ಕೆಲಸದ ಮೇಲೆ ಬಂದವರು ಮೊದಲು ಗೌಡರ ಕಟ್ಟೆಯ ಮೇಲೆ ಕೂಡಬೇಕು. ಓಟಿನ ಪಟ್ಟಿ, ರೇಷನ್ ಕಾರ್ಡು, ಜನಗಣತಿ ಎಲ್ಲವೂ ಅಲ್ಲಿಯೇ ಚಹಾ ಕುಡಿಯುತ್ತ ಬರೆದವೇ. ನಾನೂ ಕುಳಿತೆ. ಡಬ್ಬಿಯನ್ನು ಅಂಗಳದಲ್ಲಿಟ್ಟು ಊರಿನ ಚುಕ್ಕಿ ಹಾಕಿದೆ. ಶಾಲೆ ಅಲ್ಲಿಂದ ಕೂಗಳತೆಯಲ್ಲಿತ್ತು.

"ಕೇರಿ ಎಲ್ಲಿ ಅದರಿ?" ಎಂದು ಕೇಳಿದೆ. ದಲಿತರ ಕೇರಿಗೆ ಬೇರೆ ಚುಕ್ಕಿ ಹಾಕಬೇಕಿತ್ತು.

ಗೌಡರು ಕೈ ಎತ್ತಿ ತೋರಿಸಿದರು. "ಅಲ್ಲೇ ಅದರಿ, ಹಳ್ಳದ ಆಚಿಗಿ. ಈ ಬಿಸಲಾಗ ನೀವ್ಯಾಕ ಹೋಗ್ತೀರಿ? ಕುಂದ್ರಿ, ಇನ್ನೊಂದು ಚಾ ತಗೋರಿ."

ನಮ್ಮದು ದೇವಸ್ಥಾನದ ಪೂಜೆ, ಮಾಸ್ತರಿಕೆ ಮಾಡಿಕೊಂಡು ಬಂದ ಮನೆತನ. ಕೇರಿಗೆ ಹೋಗಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೋಗುವ ಪ್ರಸಂಗವೇ ಬರದಂತೆ ಬದುಕು ಸಾಗಿತ್ತು. ನಾನು ಎದ್ದು, ಡಬ್ಬಿ ಎತ್ತಿಕೊಂಡು ಅಂಗಳದಲ್ಲೇ ಇಪ್ಪತ್ತು ಹೆಜ್ಜೆ ಸರಿದು, ಕಡ್ಡಿಯಿಂದ ಒತ್ತಿ, 'ಕೇರಿ' ಎಂದು ಬರೆದೆ. ಚಹಾ ಚೆನ್ನಾಗಿತ್ತು.

ಹೊಸ ಶಾಲೆಗಳ ಪಟ್ಟಿ ಪ್ರಕಟವಾದ ವಾರದಲ್ಲಿ ಆ ಕೇರಿಯ ಹೆಣ್ಣುಮಗಳೊಬ್ಬಳು ಚಿಂಚೋಳಿಯ ನಮ್ಮ ಕಚೇರಿಗೆ ಬಂದಳು. ತೊಗರಿ ಹೊಲದಲ್ಲಿ ಕೂಲಿ ಮಾಡುವವಳು. ಜೊತೆಗೆ ಎಂಟು ವರ್ಷದ ಮಗಳಿದ್ದಳು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಶಾಲೆಗೆ ಸೇತುವೆ ಸುತ್ತಿ ಹೋಗಬೇಕು, ಸಣ್ಣ ಮಕ್ಕಳಿಂದ ಆಗುವುದಿಲ್ಲ, ಮಗಳು ಶಾಲೆ ಬಿಟ್ಟು ಮೂರು ತಿಂಗಳಾಯಿತು ಎಂದಳು. "ನಮ್ಮ ಕೇರಿಗಿ ಸಾಲಿ ಯಾಕ ಬರಲಿಲ್ರಿ, ಸರ?"

ನಾನು ಜಂಬದಿಂದಲೇ ಟ್ಯಾಬ್ಲೆಟ್ ತೆರೆದು ತೋರಿಸಿದೆ. ಇದು ಊರು, ಇದು ನಿಮ್ಮ ಕೇರಿ, ಇದು ಶಾಲೆ, ಹತ್ತಿರವೇ ಇದೆಯಲ್ಲ.

ಆಕೆ ಬಗ್ಗಿ ನೋಡಿದಳು. "ಹಳ್ಳ ಯಾವುದ್ರಿ ಇದರಾಗ?"

ನೀಲಿ ಗೆರೆ ತೋರಿಸಿದೆ.

"ಮತ್ತ ನಾವು ಈ ಕಡಿ ಯಾವಾಗ ಬಂದೀವ್ರಿ? ನಮಗ ಯಾರೂ ಹೇಳೇ ಇಲ್ಲಲ್ಲ."

ಎರಡು ಚುಕ್ಕಿಗಳೂ ಹಳ್ಳದ ಒಂದೇ ಬದಿಗೆ, ಒಂದಕ್ಕೊಂದು ಅಂಟಿಕೊಂಡಿದ್ದವು. ಇಷ್ಟು ನಾಚಿಕೆ ನನಗೆ ಅದಕ್ಕಿಂತ ಮೊದಲು ಎಂದೂ ಆಗಿರಲಿಲ್ಲ. ಯಂತ್ರ ಸುಳ್ಳು ಬರೆದಿರಲಿಲ್ಲ. ನಾನು ಎಲ್ಲಿ ನಿಂತಿದ್ದೆನೋ ಅದನ್ನೇ ಬರೆದಿತ್ತು.

ಮರುದಿನವೇ ಹೋದೆ. ಸೇತುವೆ ಸುತ್ತಿ ಕೇರಿ ಮುಟ್ಟಲು ಮುಕ್ಕಾಲು ತಾಸು ಹಿಡಿಯಿತು. ಆಕೆಯ ಮನೆಯ ಮುಂದೆ ಡಬ್ಬಿ ಇಟ್ಟೆ. ಅಂದು ಉಪಗ್ರಹಗಳು ಬೇಗ ಸಿಗಲಿಲ್ಲ. ಆಕೆ ಕುರ್ಚಿ ತಂದಿಟ್ಟಳು, ನೀರು ತರಲಿಲ್ಲ. ನಾನು ಕುಡಿಯುವುದಿಲ್ಲ ಎಂದುಕೊಂಡಿರಬೇಕು. ಬಾಯಿ ಒಣಗಿತ್ತು. ಕೇಳಿದರೆ ಕೊಡುತ್ತಿದ್ದಳು. ನಾನು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂಬುದಕ್ಕೆ ಆಮೇಲೆ ಹಲವು ನೆಪ ಹುಡುಕಿದ್ದೇನೆ, ಒಂದೂ ನಿಂತಿಲ್ಲ.

ಹೊಸ ಚುಕ್ಕಿಯಿಂದ ದಾರಿ ಅಳೆದರೆ ಶಾಲೆಗೆ ಎರಡು ಕಿಲೋಮೀಟರಿಗೂ ಹೆಚ್ಚು. ತಪ್ಪು ನನ್ನದೇ ಎಂದು ಬರೆದು, ತಿದ್ದಿದ ವರದಿ ಕಳಿಸಿದೆ. ಈ ವರ್ಷದ ಪಟ್ಟಿ ಮುಗಿದಿದೆ ಎಂದರು. ಮುಂದಿನ ವರ್ಷ ಮಂಜೂರಾಗಿ, ಕೋಣೆ ಎದ್ದು, ಬಾಗಿಲು ತೆರೆಯುವಷ್ಟರಲ್ಲಿ ಮತ್ತೆ ಎರಡು ಮಳೆಗಾಲ ಕಳೆದಿದ್ದವು.

ಶಾಲೆ ಶುರುವಾದ ದಿನ ಹೋಗಿದ್ದೆ. ಒಂದನೆಯ, ಎರಡನೆಯ ಇಯತ್ತೆಯ ಮಕ್ಕಳು ಚಾಪೆಯ ಮೇಲೆ ಕುಳಿತಿದ್ದರು. ಆ ಹುಡುಗಿಗಾಗಿ ಕಣ್ಣಾಡಿಸಿದೆ. ತಾಯಿ ಬಾಗಿಲಲ್ಲಿ ನಿಂತಿದ್ದಳು.

"ಸಣ್ಣಾಕಿ ಬಂದಾಳ್ರಿ, ಅಲ್ಲಿ ಕುಂತಾಳ," ಎಂದಳು. "ದೊಡ್ಡಾಕಿ ಈಗ ನನ್ನ ಜೋಡಿ ಹೊಲಕ್ಕ ಕಳಿ ತಗೀಲಿಕ್ಕ ಬರ್ತಾಳ್ರಿ. ಈ ಸಣ್ಣ ಹುಡುಗರ ನಡುವ ಕುಂದ್ರು ಅಂದ್ರ ನಾಚ್ತಾಳ. ನೀವು ಮೊದಲನೇ ಸಲ ಬಂದಾಗೇ ಹಳ್ಳ ದಾಟಿದ್ರ ಆಕೀನೂ ಕಲೀತಿದ್ಳು."

ಆಕೆ ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನೂ ನಾಲ್ಕು ಮಾತಾಡಿ, ಸರ್ಕಾರದ ಮೇಲೆ ಹಾಕಿ ಪಾರಾಗುತ್ತಿದ್ದೆ.